ಚಿಪ್ಪು ಇಟ್ಕೊಂಡು ಆಟ

ಜುಲೈ ೮, ಮಂಗಳವಾರ. ಪಂಚನಹಳ್ಳಿ

"ಗಲಾಟೆ ಮಾಡೋರನ್ನ ಎಷ್ಟು ತಾಳ್ಮೆಯಿಂದ ನಿಭಾಯಿಸಿದ್ರಿ ಮೇಡಂ" ಅಂತ ಕಡೂರಿನ ಸರ್ ಹೊಗಳಿದರು. ಆ ಹೊಗಳಿಕೆ ಇನ್ನೂ ಚುಚ್ತಾ ಇದೆ.

ತಾಲ್ಲೂಕಿನ ವಿಜ್ಞಾನ ಶಿಕ್ಷಕರಿಗೆಲ್ಲ ಆನ್‌ಲೈನಲ್ಲಿ ತೆಂಗಿನ ಚಿಪ್ಪಿನ ತಕ್ಕಡಿ ಮಾಡೋದು ತೋರಿಸ್ತಾ ಇದ್ದೆ. ಅರ್ಧಕ್ಕೆ ಬರೋ ಹೊತ್ತಿಗೆ ಯಾರದೋ ಮೈಕಿನಿಂದ ಕಾಯಿ ಸುಲಿಯೋ ಸದ್ದು. ಆಮೇಲೆ ಮಾತು: "ಏನಿಲ್ಲ ಕಣೋ ನಾಗೇಶ, ಚಿಪ್ಪು ಇಟ್ಕೊಂಡು ಆಟ ಆಡ್ತವ್ಳೆ. ಸೇರ್ಕೊಳ್ದಿದ್ರೆ ಮುನಿಸ್ಕೋತಾಳೆ ಅಂತ ಸುಮ್ನೆ ಹಾಕ್ಕೊಂಡಿದೀನಿ. ಯಾವನು ಕೇಳ್ತಾನೆ?"

ನಮ್ಮನೆಯವರ ದನಿ. ಯಾರೋ ಮೇಷ್ಟ್ರು ಅಂದ್ಕೊಂಡು ಎಲ್ಲರೂ ನಕ್ಕರು. ನಾನೂ ನಕ್ಕು, "ದಯವಿಟ್ಟು ಮೈಕ್ ಆಫ್ ಮಾಡ್ಕೊಳ್ಳಿ" ಅಂದು, ನನ್ನ ಕೈಯಾರೆ ಅವರ ದನಿ ನಿಲ್ಲಿಸಿದೆ. ತಕ್ಕಡಿ ಎತ್ತಿ ಹಿಡಿದು ಪಾಠ ಮುಂದುವರಿಸಿದೆ.

ಆ ಚಿಪ್ಪುಗಳನ್ನ ಉಜ್ಜಿ ನಯ ಮಾಡಿ ತೂತು ಕೊರೆದು ಕೊಟ್ಟಿದ್ದೂ ಅವರೇ. ಮೊನ್ನೆ ಸಂಜೆಯೆಲ್ಲ ಕೂತು. ಅದೂ ಮುನಿಸ್ಕೋತಾಳೆ ಅಂತಾನಾ?

ಊಟಕ್ಕೆ ಕೂತಾಗ ನಾನು ಕೇಳದೇನೇ ಹೇಳಿದರು: "ಪೂರ್ತಿ ಕೇಳ್ದೆ ಕಣೇ. ತುಂಬಾ ಚೆನ್ನಾಗಿತ್ತು."

ಸಾರು ಬಡಿಸಿದೆ. ಮದುವೆಯಾದಾಗಿನಿಂದ ಅವರು ಚೆನ್ನಾಗಿದೆ ಅಂದಿದ್ದನ್ನೆಲ್ಲ ಈಗ ಒಂದೊಂದಾಗಿ ನೆನೆಸ್ಕೋತಾ ಕೂತಿದೀನಿ. ನನ್ನ ಸಾರು, ನನ್ನ ಹಾಡು, ಆ ಹಸಿರು ಸೀರೆ...