ಹವಳದ ಬಣ್ಣದ ಚುಕ್ಕೆ

ಅವೊಂಡೇಲ್, ಶಿಕಾಗೋ
೪ ಮಾರ್ಚ್ ೨೦೧೨

ಲೆಷೆಕ್,

ನೀವೆಲ್ಲ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಫೋನು ಎತ್ತದೆ ಇಷ್ಟು ತಡವಾಗಿ ಕಾಗದ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಮೆತ್ತಗಾಗುತ್ತೀಯ. ಕೊನೆಗೆ ನಾನು ಕೂಗಿದ್ದಷ್ಟೇ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಕಾಗದದಲ್ಲಿ ನಿನಗೆ ಆ ಅನುಕೂಲವಿಲ್ಲ.

ಅಮ್ಮನ ನೆಲಮಾಳಿಗೆಯ ಪಿನ್‌ಬಾಲ್ ಯಂತ್ರ ಈಗ ಆಡುತ್ತದೆ. ರಿಪೇರಿಗೆ ನೀನು ಹೇಳಿದ ಪರಿಣತ ಕೇಳಿದ್ದು ನನ್ನ ಕಾರಿನ ಬೆಲೆಗಿಂತ ಹೆಚ್ಚು. ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ದುಡಿಯುವವಳು ನಾನು, ಕೈಲಾದಂತೆ ಮಾಡಿದೆ. ಬಣ್ಣ ಸವೆದು ಮರ ಕಾಣುತ್ತಿದ್ದ ಕಡೆ ಮಕ್ಕಳ ಆಟಿಕೆ ವಿಮಾನಕ್ಕೆ ಹಚ್ಚುವ ಬಣ್ಣ, ಮೇಲೆ ಕಾರಿನ ಮೇಣ. ಕಿಲುಬು ಹಿಡಿದ ಸ್ವಿಚ್ಚುಗಳಿಗೆ ಉಗುರು ಉಜ್ಜುವ ಅರ. ಮೂಲೆಯ ಬಾರಿನ ಜ್ಬಿಶೆಕ್ ಹತ್ತಿರ ಅದೇ ಕಾಲದ, ನೀರಿನಲ್ಲಿ ಮುಳುಗಿ ಸತ್ತ ಯಂತ್ರವೊಂದಿತ್ತು. ಅದರೊಳಗೆ ಬಾರಿಸುವ ಗಂಟೆ ಎರಡು, ತಂತಿಯ ಸುರುಳಿ ಒಂದು ಕೊಡು ಎಂದೆ. "ತಗೊಂಡ್ ಹೋಗಮ್ಮ ಇರ್ಕಾ, ಆದ್ರೆ ಇಡೀದು ತಗೊಂಡ್ ಹೋಗು. ಹೆಣದ ಹಲ್ಲು ಮಾತ್ರ ಕಿತ್ಕೊಂಡು ಹೋಗೋರ ಕಾಟ ಸಾಕಾಗಿದೆ ನಂಗೆ" ಎಂದ. ಪ್ರತಿಯಾಗಿ ಒಂದು ಪಾತ್ರೆ ಉಪ್ಪಿನ ಸೌತೆಕಾಯಿ ಸೂಪು ಕೇಳಿದ, ಕೊಟ್ಟೆ.

ದೀಪ ಹತ್ತಿತು ಎಂದು ನಿನಗೆ ಹೇಳಿದಾಗ ನೀನು ಗಂಟೆಗಳ ಬಗ್ಗೆ ಕೇಳಲಿಲ್ಲ. "ಆ ತೂಗುಗುಂಡಿಗೆ ಮಾತ್ರ ಕೈ ಹಚ್ಬೇಡ ಕಣೇ. ಹೇಗಿದ್ಯೋ ಹಾಗೇ ಇರ್ಲಿ" ಎಂದೆ ನೀನು. ಸ್ಕ್ರೂ ತಿರುಗಿಸಲು ಬಾರದವನಿಗೆ ತೂಗುಗುಂಡಿನ ಯೋಚನೆ ಯಾಕೆ? ನೀನು ಹೇಳದಿದ್ದರೆ ನಾನು ಆ ಮೂಲೆಗೆ ಹೋಗುತ್ತಲೇ ಇರಲಿಲ್ಲ.

ಅಲ್ಲಿ ಒಂದು ಲೋಹದ ಬಳೆಯ ನಡುವೆ ಆ ಗುಂಡು ನೇತಾಡುತ್ತದೆ. ಆಡುವವರು ಯಂತ್ರವನ್ನು ಅಲುಗಿಸಿದರೆ ಗುಂಡು ಬಳೆಗೆ ತಾಗಿ 'ಟಿಲ್ಟ್', ಅಂದರೆ ವಾಲಿತು, ಎಂಬ ದೀಪ ಹತ್ತುತ್ತದೆ. ಚೆಂಡು ತಳ್ಳುವ ರೆಕ್ಕೆಗಳು ಸಾಯುತ್ತವೆ, ಚೆಂಡು ಸುಮ್ಮನೆ ಕೆಳಗಿಳಿದು ಹೋಗುತ್ತದೆ. ನನ್ನ ಬಾಲ್ಯವೆಲ್ಲ ಆ ದೀಪ. ನಾನು ಮುಟ್ಟಿದರೆ ಹತ್ತುತ್ತಿತ್ತು, ನಿನಗೆ ಹತ್ತುತ್ತಿರಲಿಲ್ಲ. "ಇರ್ಕಾ ಕೈ ಭಾರ. ತಮ್ಮನ್ನ ನೋಡಿ ಕಲಿ" ಎಂದು ಅಮ್ಮ ಮೆಟ್ಟಿಲ ಮೇಲಿಂದ ಹೇಳುತ್ತಿದ್ದಳು. ಆಮೇಲೆ ಕ್ರಿಸ್ಮಸ್ ಮರದ ಗಾಜಿನ ಗುಂಡುಗಳನ್ನು ನನ್ನ ಕೈಗೆ ಕೊಡಲಿಲ್ಲ. ಚಿಕ್ಕಮ್ಮನ ಹಸುಗೂಸನ್ನೂ ಕೊಡಲಿಲ್ಲ. ಸ್ಪ್ಯಾನರ್ ಹಿಡಿಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ಗುಂಡಿನ ಸುತ್ತ ತಂತಿ ಸುತ್ತಿ ಬೆಸುಗೆ ಹಾಕಲಾಗಿತ್ತು. ಬಳೆಗೂ ಅದಕ್ಕೂ ನಡುವೆ ಕಾಗದ ತೂರುವಷ್ಟು ಜಾಗ. ನನ್ನಂಥ ಗಟ್ಟಿ ಹುಡುಗಿ ಗಾಜಿನ ಮೇಲೆ ಒರಗಿದರೂ ಸಾಕಿತ್ತು. ಜ್ವರ ಬಂದು ಹೃದಯ ಸೋತಿದ್ದ ನಿನಗೆ ಒರಗುವಷ್ಟು ಬಲವೂ ಇರಲಿಲ್ಲ.

ನೀನೇ ಮಾಡಿದ್ದು ಎಂದುಕೊಂಡೆ. ನಿಜ ಹೇಳುತ್ತೇನೆ, ಸ್ವಲ್ಪ ಹೊತ್ತು ಸಂತೋಷವೇ ಆಯಿತು. ತಮ್ಮನ ಮೋಸವನ್ನು ಬೈದು ಮರೆಯಬಹುದು. ಆಮೇಲೆ ಗುಂಡನ್ನು ಬೆಳಕಿಗೆ ತಿರುಗಿಸಿದೆ. ಬೆಸುಗೆಯ ಮೇಲೆ ಹವಳದ ಬಣ್ಣದ ಉಗುರುಬಣ್ಣದ ಚುಕ್ಕೆ. ಅಮ್ಮ ದುಡಿಯುತ್ತಿದ್ದ ಪಿನ್‌ಬಾಲ್ ಕಾರ್ಖಾನೆಯಲ್ಲಿ ತಂತಿ ಜೋಡಿಸುವ ಹೆಂಗಸರು ಮುಗಿಸಿದ ಬೆಸುಗೆಯ ಮೇಲೆ ತಂತಮ್ಮ ಬಣ್ಣದ ಚುಕ್ಕೆ ಇಡುತ್ತಿದ್ದರು, ಕೆಟ್ಟ ಕೆಲಸ ಮಾಡಿದವಳ ಮೇಜಿಗೇ ವಾಪಸು ಬರಲಿ ಎಂದು. ಹವಳದ ಬಣ್ಣ ಯಾರದೆಂದು ನಿನಗೂ ಗೊತ್ತು. ಚುಕ್ಕೆ ಇಡದೆ ಬೆಸುಗೆ ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಇದನ್ನೂ ಬಿಡಲಿಲ್ಲ.

ಓಡಬಾರದ, ಮರ ಹತ್ತಬಾರದ ಮಗ ಒಂದು ಆಟದಲ್ಲಾದರೂ ಗೆಲ್ಲಲಿ ಎಂದುಕೊಂಡಿದ್ದಾಳೆ. ಅರ್ಥವಾಗುತ್ತದೆ. ಅರ್ಥವಾಗುವುದರಿಂದ ಸಿಟ್ಟು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರು? ನನಗೊಂದು ಮಾತು ಹೇಳಿದ್ದರೆ ಬೇಕೆಂದೇ ಸೋಲುತ್ತಿದ್ದೆ, ಖುಷಿಯಿಂದ. ಅವಳು ಹೇಳಲಿಲ್ಲ. ನಿನಗೆ ಗೊತ್ತಿತ್ತು, ನೀನೂ ಹೇಳಲಿಲ್ಲ. ಯಾವಾಗಿನಿಂದ ಗೊತ್ತಿತ್ತು ಎಂಬುದನ್ನು ಫೋನು ಮಾಡಿ ತಿಳಿಸಬೇಡ.

ಯಂತ್ರ ನಿನ್ನ ಮನೆಗೆ ಬರಲಿ ಎಂದು ಕೇಳಿದ್ದೀಯ. ಬರುತ್ತದೆ, ಜ್ಬಿಶೆಕ್ ತನ್ನ ಲಾರಿಯಲ್ಲಿ ತಂದುಕೊಡುತ್ತಾನೆ. ಸುತ್ತಿದ್ದ ತಂತಿಯನ್ನು ಬಿಚ್ಚಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ, ಚುಕ್ಕೆಯ ಸಮೇತ. ಅದು ನಿನ್ನದು. ಯಂತ್ರ ಈಗ ಯಾರ ಕೈಯನ್ನಾದರೂ ತಾಳಿಕೊಳ್ಳುತ್ತದೆ. ನಿನ್ನ ಮಗಳು ನೀನಾ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಆಡಲಿ. ಅವಳು ಚೆನ್ನಾಗಿರಲಿ, ಅವಳ ಕೈಗೆ ಯಾರೂ ಹೆಸರಿಡದಿರಲಿ.

ಅಕ್ಕ,
ಇರೆನಾ

ತಾ.ಕ.: ಆಸ್ಪತ್ರೆಯಲ್ಲಿ ಆ ಕೊನೆಯ ಮಧ್ಯಾಹ್ನ ನೀನು ಕಾರು ನಿಲ್ಲಿಸಲು ಹೋಗಿದ್ದಾಗ ಅಮ್ಮ ನೀರು ಕೇಳಿದಳು. ಲೋಟವನ್ನು ತುಟಿಗೆ ಹಿಡಿದೆ. "ಲೆಷೆಕ್ ಬರ್ಲಿ. ನಿನ್ ಕೈ ಭಾರ" ಎಂದು ಮುಖ ತಿರುಗಿಸಿದಳು. ತಾನೇ ಕಟ್ಟಿದ ಸುಳ್ಳನ್ನು ಅಷ್ಟು ಹೊತ್ತಿಗೆ ಅವಳೂ ನಂಬಿಬಿಟ್ಟಿದ್ದಳು. ನೀನು ಬರುವವರೆಗೂ ಬಾಯಾರಿಕೊಂಡೇ ಕಾದಳು. ಬಾಗಿಲಲ್ಲಿ ನನ್ನ ಕೈಯಿಂದ ನೀನು ತೆಗೆದುಕೊಂಡ ಲೋಟ ಅದೇ. ನೀರು ಒಂದಿಷ್ಟೂ ತುಳುಕಿರಲಿಲ್ಲ.