ಬಿಚ್ಚು ಅನ್ನುವವಳಿಗೆ

ಅಂಗಡಿಯ ಕಟಿಂಗ್ ಮೇಜಿನಿಂದ,
ಜೂನ್ ಹನ್ನೆರಡು, ಮಧ್ಯಾಹ್ನ

ನನ್ನ ಮುಂಗೋಪಿ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಇಲ್ಲ ಇನ್ನೂ ಇಡೀ ದಿನ ನಿಂತೇ ಬಟ್ಟೆ ಚೆಕ್ ಮಾಡುತ್ತೀಯಾ? ತಪ್ಪು ಹುಡುಕುವ ಕೆಲಸಕ್ಕೆ ನಿಮ್ಮ ಗಾರ್ಮೆಂಟ್ಸಿನವರು ನಿನ್ನನ್ನೇ ಆರಿಸಿದರಲ್ಲ, ಪುಣ್ಯಾತ್ಮರು! ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೋ, ಮರೆಯಬೇಡ. ಇಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ಹಳೇ ಮೆಷಿನ್ ಒಂದೇ, ನಡುನಡುವೆ ಹೊಲಿಗೆ ಬಿಡುತ್ತದೆ. ನನ್ನ ತಲೆಯೂ ಈಗ ಹಾಗೇ ಆಗಿದೆ. ಬೆಳಿಗ್ಗೆ ಎಡತೋಳನ್ನು ಬಲಕ್ಕೆ ಕೂಡಿಸಿಬಿಟ್ಟೆ.

ಬೈಯುವುದಾದರೆ ಪೂರ್ತಿ ಓದಿ ಬೈ. ನಾನು ಒಂದು ಪುಸ್ತಕ ಬರೆದಿದ್ದೇನೆ. ಅಮ್ಮನ ಕಥೆ. ಅಪ್ಪ ಬಿಟ್ಟುಹೋದ ಮೇಲೆ ಆ ಬಾಡಿಗೆ ಕೋಣೆಯಲ್ಲಿ ಯಾರದೋ ಮೆಷಿನ್ ಇಟ್ಟುಕೊಂಡು ಹೊಲಿಯಲು ಕೂತಳಲ್ಲ, ಅಲ್ಲಿಂದ ಹಿಡಿದು, ಕಣ್ಣು ಮಂಜಾಗಿ ಮೆಷಿನ್ನಿಗೆ ಮುಸುಕು ಹಾಕಿ ಎದ್ದ ದಿನದವರೆಗೆ. ಗಿರಾಕಿಗಳ ನಡುವೆ ಕದ್ದುಮುಚ್ಚಿ ಬರೆದೆ. ನಿನಗೆ ಹೇಳುವ ಧೈರ್ಯ ಬರಲಿಲ್ಲ. ಹೊಲಿಗೆ ಕಲಿಯುವಾಗ ಹಿಗ್ಗುತ್ತಾ ತಂದು ತೋರಿಸಿದ್ದನ್ನೆಲ್ಲ ನೀನು ಬೆಳಕಿಗೆ ಹಿಡಿದು "ಬಿಚ್ಚು, ಮತ್ತೆ ಹೊಲಿ" ಅನ್ನುತ್ತಿದ್ದೆ. ನಾನು ಅತ್ತರೂ ನಿನ್ನದು ಅದೇ ಮಾತು. ಅಮ್ಮನನ್ನೂ ಬಿಚ್ಚು ಅಂದುಬಿಟ್ಟರೆ ಅಂತ ಹೆದರಿಕೆ ಕಣೇ.

ಎರಡು ಪ್ರಕಾಶನಗಳಿಗೆ ಬರೆದು ಕೇಳಿದೆ, ಹೂಂ ಇಲ್ಲ ಉಹೂಂ ಇಲ್ಲ. ಆಮೇಲೆ ಒಂದು ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ನಾವು ದುಡ್ಡು ಕಟ್ಟಬೇಕು, ಅವರು ಅಚ್ಚು ಹಾಕಿಸಿ, ಮುಖಪುಟ ಮಾಡಿಸಿ, ಮಾರಾಟಕ್ಕೂ ಇಡುತ್ತಾರೆ. ಬರೆದ ಹಾಳೆಗಳ ಕಟ್ಟನ್ನು ಜೆರಾಕ್ಸ್ ಮಾಡಿಸಿ ಕಳಿಸಿದೆ. ಈಗ ಅಲ್ಲಿಯ ಒಬ್ಬ ಮನುಷ್ಯ ದಿನಾ ಫೋನ್ ಮಾಡುತ್ತಾನೆ. ಅಮ್ಮ ಮುಸುಕು ಹಾಕುವ ಕೊನೇ ಅಧ್ಯಾಯ ಹೇಗಿದೆ ಅಂತ ಕೇಳಿದೆ. "ಅಯ್ಯೋ ಮೇಡಂ, ಅದನ್ನ ಓದಿ ಕಣ್ಣಲ್ಲಿ ನೀರು ಬಂತು. ಒಂದಕ್ಷರ ಮುಟ್ಟೋ ಹಾಗಿಲ್ಲ" ಅಂದ. ಫೋನ್ ಇಟ್ಟು ನಾನೂ ಅತ್ತೆ. ಅಮ್ಮನಿಗಾಗಿ ಹೊರಗಿನವರೊಬ್ಬರು ಅತ್ತರಲ್ಲ ಅಂತ.

ಅವರು ಕೇಳುವುದು ಹೆಚ್ಚುಕಡಿಮೆ ಹೊಸ ಮೆಷಿನ್ನಿಗೆ ಕೂಡಿಟ್ಟಷ್ಟೇ ಹಣ. ಶುಕ್ರವಾರದೊಳಗೆ ಕಟ್ಟಬೇಕಂತೆ. ಕಟ್ಟಿದರೆ ಮೆಷಿನ್ ಇಲ್ಲ, ಕಟ್ಟದಿದ್ದರೆ ಅಮ್ಮ ಈ ಮೇಜಿನ ಖಾನೆಯಲ್ಲೇ ಉಳಿಯುತ್ತಾಳೆ. ಯಜಮಾನರನ್ನು ಕೇಳಿದರೆ "ನಿನ್ನಿಷ್ಟ" ಅನ್ನುತ್ತಾರೆ. ಬೇಡ ಅಂದಿದ್ದರೆ ಜಗಳವಾಡಿಯಾದರೂ ಕಟ್ಟಿರುತ್ತಿದ್ದೆ! ದುಡ್ಡು ಕೊಟ್ಟು ಮಾಡಿಸುವುದು ತಪ್ಪೇನಲ್ಲ, ನಮ್ಮ ಕಸುಬೂ ಅದೇ ತಾನೇ. ಆದರೆ ಒಪ್ಪದ ಬಟ್ಟೆ ತಂದ ಗಿರಾಕಿಗೂ ನಾವು "ತುಂಬಾ ಒಪ್ಪುತ್ತೆ" ಅಂದು ಅಳತೆ ತೆಗೆಯುವುದಿಲ್ಲವೇ? ಅದು ನೆನಪಾದಾಗೆಲ್ಲ ಕೂಡಿಟ್ಟ ದುಡ್ಡು ತೆಗೆದು ಎಣಿಸಿ ಮತ್ತೆ ಒಳಗಿಡುತ್ತೇನೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಕಾಗದವನ್ನೂ ಅಂಗೈ ಅಡ್ಡ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಕಾಗದ ಕಂಡರೆ ಅಳತೆಯ ಮಾದರಿ ಮಾಡಲು ಇವರ ಕೈ ಕತ್ತರಿಗೆ ಹೋಗುತ್ತದೆ, ನಿನಗೆ ಗೊತ್ತಲ್ಲ. ಹೋದ ತಿಂಗಳು ಕಟ್ಟದ ಕರೆಂಟ್ ಬಿಲ್ಲನ್ನೇ ಜೇಬಿನ ಅಳತೆಗೆ ಕತ್ತರಿಸಿದ್ದರು.

ಕಟ್ಟಲೋ ಬೇಡವೋ, ಒಂದು ಮಾತು ಹೇಳು. ಭಾವನಿಗೆ ನಮಸ್ಕಾರ ತಿಳಿಸು. ಮಂಡಿ ಜೋಪಾನ.

ನೀನೇ ಹೆಸರಿಟ್ಟ,
ಸೊಟ್ಟಹೊಲಿಗೆ

ತಡಿ, ಲಕೋಟೆ ಅಂಟಿಸುವ ಮುಂಚೆ ಇದೊಂದು: ಈಗಷ್ಟೇ ಕೋಟಿನ ಗಿರಾಕಿ ಬಂದರು. ಮೊಳೆಗೆ ಸಿಕ್ಕಿಸಿದ್ದ ಕಾಲರಿನ ಕಾಗದದ ಮಾದರಿ ತೆಗೆದರೆ ಹಿಂದುಗಡೆ ನನ್ನದೇ ಅಕ್ಷರ! ಅಮ್ಮ ಮುಸುಕು ಹಾಕುವ ಅಧ್ಯಾಯ. ಈ ಕೋಟಿನ ಅಳತೆ ತೆಗೆದದ್ದು ಜೆರಾಕ್ಸಿಗೆ ಕೊಡುವ ಮೊದಲು, ಆಗಲೇ ಇವರು ಕತ್ತರಿಸಿಟ್ಟಿದ್ದಾರೆ; ನಾನು ಪುಟ ಎಣಿಸದೆ ಕೊಟ್ಟುಬಿಟ್ಟೆ. ಅದು ಕಂಪನಿಗೆ ಹೋಗಿಯೇ ಇಲ್ಲ ಅಕ್ಕಾ. ಇಲ್ಲದ ಪುಟ ಓದಿ ಆ ಮನುಷ್ಯ ಅತ್ತನಂತೆ! ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಇವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ದುಡ್ಡು ಕಟ್ಟುವುದಿಲ್ಲ. ಇಡೀ ಕಟ್ಟು ನಿನಗೇ ಕಳಿಸುತ್ತಿದ್ದೇನೆ. ಕೊನೇ ಅಧ್ಯಾಯ ಕಾಲರಿನ ಆಕಾರದಲ್ಲಿದೆ, ಚೂರು ಜೋಡಿಸಿಕೊಂಡು ಓದು. ಬೆಳಕಿಗೆ ಹಿಡಿದು ಓದು. ಬಿಚ್ಚಬೇಕಾದಲ್ಲಿ ಬಿಚ್ಚು ಅನ್ನು. ಅಳುತ್ತೇನೆ, ಆದರೆ ಬಿಚ್ಚುತ್ತೇನೆ.