ಮುಂದಿನ ಚಕ್ರಗಳ ಎಣ್ಣೆ

ಏಪ್ರಿಲ್ 11, ಶನಿವಾರ

…ಪೆಡಲ್ ಮೆತ್ತಗೆ ಎಂದಳೋ, ಸೋತಿದೆ ಎಂದಳೋ. ಕಾರಿನ ಬಗ್ಗೆ ಬೆಳಿಗ್ಗೆ ಹೆಂಡತಿ ಸುಮತಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಸಂಜೆ ನಾನೇ ಒತ್ತಿ ನೋಡಿದೆ. ಕಾಲು ನೆಲ ಮುಟ್ಟುವಷ್ಟು ಹೋಗುತ್ತದೆ. ಬ್ರೇಕ್ ಲೈನಿನಲ್ಲಿ ಗಾಳಿ. ಸೋಮವಾರದಿಂದ ನಾಲ್ಕು ದಿನ ಅವಳಿಗೆ ಶಿರಸಿಯಲ್ಲಿ ಪೇಪರ್ ವ್ಯಾಲ್ಯುಯೇಶನ್, ಉಳಿಯುವುದೂ ಅಲ್ಲೇ. ಗ್ಯಾರೇಜಿನ ಪಾಂಡು ಮದುವೆಮನೆಯಲ್ಲಿ, ವಾರವಿಡೀ ಬಾಗಿಲು ಮುಚ್ಚಿದೆ. ಬಸ್ಸಿಗೆ ಹೋಗು ಎಂದೆ. ನಕ್ಕಳು. ನಾಳೆ ನಾನೇ ಗಾಳಿ ತೆಗೆಯುವುದೆಂದಾಯಿತು. ವಿಡಿಯೋ ನೋಡಿದೆ. ಮತ್ತೆ ನೋಡಿದೆ.

ಏಪ್ರಿಲ್ 12, ಭಾನುವಾರ

ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಅದು ಸುಮತಿ. ಇನ್ನೊಬ್ಬರು ಚಕ್ರದ ಹಿಂದಿನ ಸಣ್ಣ ತಿರುಪು, ನಿಪ್ಪಲ್, ಸಡಿಲಿಸಿ ಬ್ರೇಕ್ ಎಣ್ಣೆಯೊಂದಿಗೆ ಗುಳ್ಳೆಗಳನ್ನು ಹೊರಗೆ ಬಿಡುವುದು. ಬಿಗಿದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಮತ್ತೆ ಒಳಗೆ.

“ಹೋಯ್, ಬೇಗ ಮಾಡಿ. ಕಾಲು ಮರಗಟ್ತಾ ಇದ್ದು.”

“ಬಿಡಬೇಡ, ಬಿಡಬೇಡ!”

“ಅಂತೂ ಒಂದು ಕೆಲಸಕ್ಕೆ ಆನು ಬೇಕಾತು ನಿಂಗಕ್ಕೆ.”

ಪಕ್ಕದ ಮನೆಯ ಮಾಬ್ಲ ಬೇಲಿಯಾಚೆಯಿಂದ: “ಭಟ್ರೇ, ಬಿಚ್ಚುದು ಆತು. ಕೂಡ್ಸುದು ಯಾರು?”

ಹಿಂದಿನ ಚಕ್ರಗಳಿಗೇ ಹೊಸ ಬಾಟಲಿ ಖಾಲಿ. ಭಾನುವಾರ, ಅಂಗಡಿ ಇಲ್ಲ. ಬಚ್ಚಲಿನ ಅಟ್ಟದಲ್ಲಿ ಹೋದ ವರ್ಷದ ಅರ್ಧ ಬಾಟಲಿ ಇತ್ತು. ಮುಚ್ಚಳ ಕಳೆದದ್ದಕ್ಕೆ ಬಾಯಿಗೆ ಬಿಳಿ ಬಟ್ಟೆ ಸುತ್ತಿ ದಾರ ಬಿಗಿದಿದ್ದೆ, ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ. ಒಂದು ಕಸವೂ ಬಿದ್ದಿರಲಿಲ್ಲ. ಮುಂದಿನ ಚಕ್ರಗಳಿಗೆ ಅದೇ ಹಾಕಿದೆ. ಪೆಡಲ್ ಕಲ್ಲಿನ ಹಾಗೆ ನಿಂತಿತು. ಹೊನ್ನಾವರದ ಸೇತುವೆ ದಾಟಿ ಕಾಸರಕೋಡದವರೆಗೆ ಓಡಿಸಿ ಬಂದೆವು.

ಏಪ್ರಿಲ್ 13

ಸುಮತಿಯ ಫೋನು. “ಶಿರಸಿ ಮುಟ್ಟಿದ್ದು ಆತು. ಬ್ರೇಕ್ ಚೊಲೋ ಇದ್ದು. ಎಂತಕ್ಕೆ ಇಷ್ಟು ವರ್ಷ ಗ್ಯಾರೇಜಿಗೆ ದುಡ್ಡು ಕೊಟ್ರಿ?”

ಸಂತೋಷವಾಗಬೇಕು. ಆಯಿತೆಂದೇ ಬರೆದಿಡುತ್ತೇನೆ.

ಏಪ್ರಿಲ್ 16, ಸಂಜೆ

ಖಾಲಿ ಬಾಟಲಿ ಎಸೆಯಲು ಹೋದೆ. ಕೈಗೆ ಸಿಕ್ಕ ಅಕ್ಷರವನ್ನೆಲ್ಲ ಓದುವ ಹಾಳು ಅಭ್ಯಾಸ. ಬಾಟಲಿಯ ಚೀಟಿಯಲ್ಲಿತ್ತು: ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಬಾಯಿ ತೆರೆದಿಟ್ಟದ್ದನ್ನು ಬಳಸಬಾರದು.

ಬಟ್ಟೆ ಕಸ ತಡೆದಿತ್ತು. ಹೊನ್ನಾವರದ ಒಂದು ಮಳೆಗಾಲವನ್ನು, ಬಚ್ಚಲಿನ ಹಬೆಯನ್ನು ತಡೆದಿರಲಿಲ್ಲ. ಎಣ್ಣೆಯಲ್ಲಿ ನೀರು. ಬ್ರೇಕ್ ಕಾದರೆ ನೀರು ಕುದಿಯುತ್ತದೆ. ಕುದಿದರೆ ಗುಳ್ಳೆ. ಗುಳ್ಳೆಯಾದರೆ ಕಾಲು ನೆಲಕ್ಕೆ.

ಹೋಗುವಾಗ ಘಟ್ಟ ಹತ್ತಿದ್ದಳು. ಹತ್ತುವಾಗ ಬ್ರೇಕಿಗೆ ಏನು ಕೆಲಸ. ಇವತ್ತು ಇಳಿಯುವುದು. ಸಣ್ಣ ಗೇರಿನಲ್ಲಿ ಇಳಿದರೆ ಬ್ರೇಕ್ ಅಷ್ಟು ಕಾಯುವುದಿಲ್ಲ, ಅವಳಿಗೆ ಅದನ್ನು ಯಾರು ಹೇಳಿದ್ದಾರೆ.

ಫೋನು ಸ್ವಿಚ್ ಆಫ್ — ವ್ಯಾಲ್ಯುಯೇಶನ್ ಹಾಲಿನಲ್ಲಿ ಇಡಿಸಿಕೊಳ್ಳುತ್ತಾರೆ. ಬರಬೇಡ, ಕಾರು ಅಲ್ಲೇ ಬಿಡು ಎಂದು ಮೆಸೇಜ್ ಹಾಕಿದೆ. ಓದಿಲ್ಲ.

ಸ್ವಲ್ಪ ಹೊತ್ತಿಗೆ

ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅವಳದೇ ಮೆಸೇಜ್ ಬಂದು ಬಿದ್ದಿದೆ. “ಮುಗೀತು. ಅಡುಗೆ ಮಾಡಡಿ, ಬತ್ತೆ.” ನಾನು ಅಡುಗೆ ಮಾಡುವುದು ಬೇಡ, ಅವಳೇ ಬರುತ್ತಾಳಂತೆ. ನನ್ನದನ್ನು ಓದಿ ಬರೆದದ್ದೇ? ಓದದೆಯೇ? ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಎಂದರೆ ದೇವಿಮನೆ ಘಟ್ಟದ ಕಾಡುದಾರಿ ಹಿಡಿದಿದ್ದಾಳೆ.

ಮಾಬ್ಲನ ಬೈಕ್ ಕೇಳಿದೆ. “ಎಂತಕ್ಕೆ ಭಟ್ರೇ, ಕಾರು ಎಲ್ಲಿ?” ಎಂದ. ಕಾರಿಗೆ ಎದುರಾಗಿ ಹೋಗಬೇಕು ಎಂದೆ. ಕೀ ತರಲು ಒಳಗೆ ಹೋಗಿದ್ದಾನೆ. ಎದುರಾಗಿ ಏನು ಮಾಡುವುದು — ನಿಲ್ಲದ ಕಾರಿಗೆ ಕೈ ಅಡ್ಡ ಹಿಡಿಯುವುದೇ…

ಸುಮತಿ, ಎಷ್ಟನೇ ಗೇರಿನಲ್ಲಿ ಇಳಿಯುತ್ತಿದ್ದೀಯಾ?